ದೊರೈಸಾಮಿ ಮೇಸ್ತ್ರಿಯ ಕಿವಿ

ಮೊನ್ನೆ ಬೆಳಿಗ್ಗೆ ಗಿರಾಕಿಯೊಬ್ಬ ಬಂಗಾರಪೇಟೆಯ ನನ್ನ ಶೆಡ್ಡಿನ ಮುಂದೆ ಲಾರಿ ನಿಲ್ಲಿಸಿ, ಸೀಟಿನ ಹಿಂದಿನಿಂದ ಡಬ್ಬವೊಂದನ್ನು ಎಳೆದು, ನನ್ನ ಮೂಗಿನ ಕೆಳಗೇ ಅದರ ಮುಚ್ಚಳ ತಿರುಗಿಸಿದ. ಗೇರ್ ಎಣ್ಣೆ. ಕೊಳೆತ ಮೊಟ್ಟೆಯನ್ನು ಸೀಮೆಎಣ್ಣೆಯಲ್ಲಿ ಕಲಕಿದಂಥ ವಾಸನೆ. ಗೇರ್ ಪೆಟ್ಟಿಗೆಗೆ ಹಾಕಬೇಕಾದ, ಜೋನಿಬೆಲ್ಲದಷ್ಟು ಮಂದವಾದ ಆ ಎಣ್ಣೆಯನ್ನು ನಾನು ಎಂಜಿನ್ನಿಗೆ ಸುರಿಯಬೇಕಂತೆ. "ಸದ್ದು ಒಸಿ ಅಡಗ್ಸಿಕೊಡಣ್ಣ, ನಾಳಿಕ್ಕೆ ಗಾಡಿ ನೋಡೋಕೆ ಬತ್ತವ್ರೆ" ಎಂದು ಹಲ್ಲು ಕಿರಿದ. ಡಬ್ಬ ಮುಚ್ಚಿಕೊಂಡು ಹೊರಡು ಎಂದೆ. ನನ್ನ ಸಿಟ್ಟು ಅವನಿಗೆ ಅರ್ಥವಾಗಲಿಲ್ಲ, ಇದೇನು ಕಳ್ಳಭಟ್ಟಿಯೇ ಎಂಬಂತೆ ನೋಡಿದ. ಮುಂದಿನ ಶೆಡ್ಡಿನಲ್ಲಿ ಮಾಡಿಕೊಡುತ್ತಾರೆ ಬಿಡು ಎಂದು ಹೇಳಿ ಹೋದ. ಅವನು ಹೇಳಿದ್ದು ನಿಜ, ಮಾಡಿಕೊಡುತ್ತಾರೆ. ನಾನು ಆ ಡಬ್ಬವನ್ನು ಮುಟ್ಟಿಯೂ ಇರಲಿಲ್ಲ. ಆದರೂ ಸೋಪಿನ ಪುಡಿ ಹಾಕಿ ಮೂರು ಸಲ ಕೈ ತೊಳೆದೆ.

ಆ ವಾಸನೆ ನನ್ನನ್ನು ಪ್ರತಿ ಸಲವೂ ಒಂದೇ ಆಷಾಢಕ್ಕೆ ಎಳೆದೊಯ್ಯುತ್ತದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಿಂದ ದಿನವೂ ಬೈಕಿನಲ್ಲಿ ಕೆಜಿಎಫ್‌ಗೆ ಹೋಗಿ, ಚಾಂಪಿಯನ್ ರೀಫ್ಸ್ ಗಣಿ ದಾಟಿದ ಮೇಲೆ ರಸ್ತೆ ಪಕ್ಕದಲ್ಲಿದ್ದ ಚಲಪತಿಯ ಶೆಡ್ಡಿನಲ್ಲಿ ಡೀಸೆಲ್ ಮೆಕ್ಯಾನಿಕ್ ಕೆಲಸ ಮಾಡುತ್ತಿದ್ದೆ. ಶೆಡ್ಡಿನ ಮುಂಭಾಗದಲ್ಲಿ ರಿಪೇರಿ, ಹಿಂಭಾಗದಲ್ಲಿ ಹಳೇ ಲಾರಿಗಳ ವ್ಯಾಪಾರ. ಚಲಪತಿ ಗ್ರೀಸಿನ ನಡುವೆಯೂ ಬಿಳಿ ಅಂಗಿಗೆ ಒಂದು ಚುಕ್ಕೆ ಅಂಟಿಸಿಕೊಳ್ಳದೆ ಓಡಾಡುವ ಮನುಷ್ಯ. ಬಾಯಲ್ಲಿ ಸದಾ ಏಲಕ್ಕಿ. ಯಾರು ಬಂದರೂ "ರಾ ನಾಯನಾ", ಬಾರಪ್ಪ ಎಂಬ ತೆಲುಗಿನ ಅಕ್ಕರೆ. ಈಗಲೂ ಏಲಕ್ಕಿಯ ಘಮ ಬಂದರೆ ನಾನು ಎದ್ದು ಆಚೆ ಹೋಗುತ್ತೇನೆ. ಪಾಯಸಕ್ಕೆ ಏಲಕ್ಕಿ ಹಾಕಬೇಡ ಎಂದು ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ಆ ವರ್ಷದ ಆಷಾಢದ ಗಾಳಿ ಅಂತಿಂಥದ್ದಲ್ಲ. ಚಿನ್ನವನ್ನೆಲ್ಲ ಹಿಂಡಿ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣು ಅಲ್ಲಿ ಗುಡ್ಡಗುಡ್ಡವಾಗಿ ಬಿದ್ದಿದೆ. ಊರಿನವರು ಅದಕ್ಕೆ ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಎದ್ದರೆ ಆ ದಿಬ್ಬಗಳ ಬೂದು ಪುಡಿ ಮನೆ, ಅಂಗಡಿ, ಅನ್ನದ ತಟ್ಟೆ ಏನನ್ನೂ ಬಿಡುವುದಿಲ್ಲ. ಹಲ್ಲು ಕಚ್ಚಿದರೆ ಕರಕರ, ಉಗುಳಿದರೆ ಬೂದು. ಲಾರಿಗಳ ಏರ್ ಫಿಲ್ಟರ್ ಬಿಚ್ಚಿ ಕೊಡವಿದರೆ ಸೇರುಗಟ್ಟಲೆ ಉದುರುತ್ತಿತ್ತು. ಫಿಲ್ಟರ್ ಹರಿದಿದ್ದರೆ ಮುಗಿಯಿತು, ಆ ಪುಡಿ ನೇರ ಎಂಜಿನ್ನಿನೊಳಗೆ ಹೋಗಿ ಎಣ್ಣೆಯಲ್ಲಿ ಕಲೆತು ಬೇರಿಂಗುಗಳನ್ನು ಉಜ್ಜಿ ಉಜ್ಜಿ ಸವೆಸಿಬಿಡುತ್ತದೆ. ನನ್ನ ಕಿವಿ, ಮೂಗು, ಉಗುರಿನ ಸಂದಿಯಲ್ಲೆಲ್ಲ ಅದೇ ಪುಡಿ ಎಣ್ಣೆಯ ಜೊತೆ ಸೇರಿ ಕಪ್ಪು ಮುದ್ದೆಯಾಗಿ ಕೂತಿರುತ್ತಿತ್ತು. ಮನೆಗೆ ಬಂದರೆ ಅಮ್ಮ ಹೊರಗಿನ ಕಲ್ಲಿನ ಮೇಲೆ ನಿಲ್ಲಿಸಿ ನೀರು ಸುರಿಯುತ್ತಿದ್ದಳು.

ಆಷಾಢದಲ್ಲಿ ನಮ್ಮ ಕಡೆ ಯಾರೂ ಗಾಡಿ ಕೊಳ್ಳುವುದಿಲ್ಲ. ಮಾರುವವರು ಮಾತ್ರ ಇರುತ್ತಾರೆ. ಹಾಗಾಗಿ ಆ ತಿಂಗಳು ಶೆಡ್ಡಿನ ಹಿಂದೆ ಏಳೆಂಟು ಲಾರಿಗಳು ಶ್ರಾವಣಕ್ಕೆ ಕಾಯುತ್ತ ನಿಂತಿರುತ್ತಿದ್ದವು. ಅವುಗಳಿಗೆ ಮಾಡುವ ಕೆಲಸಕ್ಕೆ ಚಲಪತಿ ಇಟ್ಟ ಹೆಸರು ‘ತಯಾರಿ’. ಪೇಂಟು, ಹೊಸ ಸೀಟು ಕವರು, ಕನ್ನಡಿಗೆ ಕುಚ್ಚು ಇವೆಲ್ಲ ಬೇರೆಯವರ ಪಾಲು. ಎಂಜಿನ್ನಿನ ರೋಗ ಯಾವುದೆಂದು ಹುಡುಕಿ, ಅದನ್ನು ವಾಸಿ ಮಾಡದೆ ಮುಚ್ಚುವುದು ನನ್ನ ಪಾಲು. ಹೆಣಕ್ಕೆ ಪೌಡರು ಹಚ್ಚುವ ಕೆಲಸ ಅದು. ನಾನು ಅದನ್ನು ಚೆನ್ನಾಗಿಯೇ ಮಾಡುತ್ತಿದ್ದೆ, ಚೆನ್ನಾಗಿ ಮಾಡಿದ್ದಕ್ಕೆ ಒಳಗೊಳಗೇ ಬೀಗುತ್ತಲೂ ಇದ್ದೆ. ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ರೋಗ ಹುಡುಕುವುದನ್ನು ನನಗೆ ಕಲಿಸಿದವರು ದೊರೈಸಾಮಿ ಮೇಸ್ತ್ರಿ. ಅರವತ್ತು ದಾಟಿದವರು, ಒಣಕಲು ಮೈ, ತಮಿಳು ಬೆರೆತ ನಿಧಾನದ ಕನ್ನಡ. ಗಣಿ ಮುಚ್ಚುವವರೆಗೂ ನೆಲದ ಆಳದಲ್ಲಿ ಕಲ್ಲು ಕೊರೆಯುವ ಮೆಷಿನ್ ಹಿಡಿದವರು. ಹೆಂಡತಿ ತೀರಿಕೊಂಡಿದ್ದರು. ಚಾಂಪಿಯನ್ ರೀಫ್ಸ್‌ನ ಲೈನು ಮನೆಯೊಂದರಲ್ಲಿ, ಗಣಿ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಯಲ್ಲಿ, ಮಗಳು ಸೆಲ್ವಿಯ ಜೊತೆ ಇದ್ದರು. ಸೆಲ್ವಿ ರಾಬರ್ಟ್‌ಸನ್‌ಪೇಟೆಯ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಮೇಸ್ತ್ರಿ ಸ್ಪ್ಯಾನರ್ ಹಿಡಿದದ್ದನ್ನು ನಾನು ಕಂಡಿಲ್ಲ. ಅವರ ಕೆಲಸ ಎಂಜಿನ್ನಿನ ಸದ್ದು ಕೇಳಿ ಹೇಳುವುದು. ಅದಕ್ಕಾಗಿ ಮಾಲೂರು, ಮುಳಬಾಗಿಲಿನಿಂದಲೂ ಲಾರಿಗಳು ಬರುತ್ತಿದ್ದವು. ಮೇಸ್ತ್ರಿ ‘ಸರಿ’ ಎಂದರೆ ಸರಿ, ಅಡ್ಡಡ್ಡ ತಲೆ ಆಡಿಸಿದರೆ ಆ ಗಾಡಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಅವರ ಬಳಿ ಒಂದು ಕಬ್ಬಿಣದ ಸಲಾಕೆ ಇತ್ತು, ಗಣಿಯ ಕಾಲದ್ದು. ಗಣಿಯೊಳಗೆ ಸಿಡಿಮದ್ದು ಸಿಡಿಸಿದ ಮೇಲೆ ಯಾರೂ ಸುಮ್ಮನೆ ನುಗ್ಗುವ ಹಾಗಿರಲಿಲ್ಲವಂತೆ. ಒಬ್ಬನು ಸಲಾಕೆಯಿಂದ ಮೇಲಿನ ಬಂಡೆಯನ್ನು ತಟ್ಟಿ ಕೇಳಬೇಕು. ಗಟ್ಟಿ ಬಂಡೆ ಕಣಕಣ ಎನ್ನುತ್ತದೆ. ಸಡಿಲಾಗಿದ್ದರೆ ಟೊಳ್ಳು ಸದ್ದು. ಸರಿಯಿದೆ ಎಂದು ತಟ್ಟಿದವನು ಹೇಳಿದರೆ, ಮೊದಲು ಅದರ ಕೆಳಗೆ ಹೋಗಿ ಕೂರಬೇಕಾದವನೂ ಅವನೇ. ಅವನು ಕೂತು ಒಂದು ಬೀಡಿ ಸೇದುವಷ್ಟು ಹೊತ್ತು ಆದ ಮೇಲೆ ಉಳಿದವರು ಹೋಗುತ್ತಿದ್ದರು. ಇದನ್ನು ಮೇಸ್ತ್ರಿ ಲಾರಿಗಳಿಗೂ ತಂದಿದ್ದರು. ಸಲಾಕೆಯ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ಕೇಳುವರು. ಯಾವ ಗಾಡಿಯನ್ನು ಸರಿ ಎಂದರೋ ಅದರ ಮೊದಲ ಲೋಡಿನಲ್ಲಿ ತಾವೇ ಕ್ಯಾಬಿನ್ನಿನಲ್ಲಿ ಕೂತು ಹೋಗಿ ಬರುವರು.

ಎಂಜಿನ್ ಯಾವಾಗಲೂ ನಿಜವನ್ನೇ ಹೇಳುತ್ತದೆ, ಕೇಳುವವನಿಗೆ ವ್ಯವಧಾನ ಬೇಕು, ಅಷ್ಟೇ. ಹೊಲಿಗೆ ಮೆಷಿನ್ನಿನ ಹಾಗೆ ಮೇಲಿನಿಂದ ಟಿಕ್ ಟಿಕ್ ಎಂದರೆ ವಾಲ್ವ್ ಒತ್ತುವ ಟ್ಯಾಪೆಟ್ ಸಡಿಲ, ಹೆದರಬೇಕಿಲ್ಲ. ತಣ್ಣಗಿದ್ದಾಗ ಬಡಿದು, ಬಿಸಿಯಾದ ಮೇಲೆ ನಿಂತರೆ ಪಿಸ್ಟನ್ ಸವೆದಿದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಕೆಳಗಿನಿಂದ ಠಕ್ ಠಕ್ ಎಂದು ಬಾಗಿಲು ಬಡಿದಂತೆ ಕೇಳಿದರೆ ಪಿಸ್ಟನ್ ಹಿಡಿದ ರಾಡಿನ ಬೇರಿಂಗ್ ಹೋಗುತ್ತಿದೆ. ಅದು ಕೆಟ್ಟ ಸದ್ದು. ಯಾವ ಸಿಲಿಂಡರಿನದು ಎಂದು ತಿಳಿಯಲು ಒಂದೊಂದೇ ಡೀಸೆಲ್ ಪೈಪಿನ ನಟ್ ಸಡಿಲಿಸಬೇಕು. ಯಾವುದನ್ನು ಸಡಿಲಿಸಿದಾಗ ಸದ್ದು ನಿಲ್ಲುತ್ತದೋ ಅಲ್ಲಿದೆ ರೋಗ. ಆಯಿಲ್ ಪ್ರೆಷರ್ ಮುಳ್ಳಿನದೂ ಹೀಗೆಯೇ. ಮುಳ್ಳು ಕೆಳಗೆ ಬಿದ್ದರೆ ಮೊದಲು ಮುಳ್ಳನ್ನೇ ಅನುಮಾನಿಸಬೇಕು. ಎಣ್ಣೆಯ ಒತ್ತಡ ಅಳೆದು ಮುಳ್ಳಿಗೆ ಸುದ್ದಿ ಕಳಿಸುವ ಸೆಂಡರ್ ಕೆಟ್ಟಿರಬಹುದು, ವೈರು ಹರಿದಿರಬಹುದು. ಬೇರೆ ಮೀಟರನ್ನು ನೇರ ಎಂಜಿನ್ನಿಗೇ ತಿರುಪಿ ನೋಡಿದರೆ ಐದು ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ. ಇಷ್ಟನ್ನೂ ನಾನು ಶ್ರದ್ಧೆಯಿಂದ ಕಲಿತೆ, ಕಲಿತದ್ದನ್ನೆಲ್ಲ ತಲೆಕೆಳಗು ಮಾಡಲು ಬಳಸಿದೆ.

ತಲೆಕೆಳಗು ಮಾಡುವುದನ್ನು ಕಲಿಸಿದವನು ಚಲಪತಿ. ಬೇರೆ ಕಂಪನಿಯ ಗಾಡಿಯ ಸೆಂಡರ್ ತಂದು ಹಾಕಿದರೆ, ಒತ್ತಡ ಎಷ್ಟೇ ಇರಲಿ, ಮುಳ್ಳು ಎತ್ತರಕ್ಕೇ ನಿಲ್ಲುತ್ತದೆ. ಎಣ್ಣೆ ಕಡಿಮೆಯಾದರೆ ಹತ್ತಿಕೊಳ್ಳುವ ಕೆಂಪು ದೀಪದ ವೈರನ್ನು ಕಿತ್ತು, ಬ್ಯಾಟರಿ ದೀಪದ ವೈರಿಗೆ ಸೇರಿಸಿಬಿಟ್ಟರೆ, ಕೀಲಿ ತಿರುಗಿಸಿದಾಗ ಹತ್ತುತ್ತದೆ, ಎಂಜಿನ್ ಶುರುವಾದರೆ ಆರುತ್ತದೆ, ಥೇಟ್ ಒಳ್ಳೇ ದೀಪದ ಹಾಗೆ. ಆದರೆ ಎಣ್ಣೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಇನ್ನು ಸದ್ದಿಗೆ ಗೇರ್ ಎಣ್ಣೆ. ಆ ಮಂದ ಎಣ್ಣೆ ಸವೆದ ಬೇರಿಂಗಿನ ಸಂದಿಯಲ್ಲಿ ಅಂಟಿನಂತೆ ಕೂತು ಬಡಿತವನ್ನು ನುಂಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಎಣ್ಣೆ ತೆಳುವಾಗುವವರೆಗೆ ಮಾತ್ರ. ಅದಕ್ಕೇ ಚಲಪತಿ ಗಿರಾಕಿಗಳನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲೇ ಬರಹೇಳುತ್ತಿದ್ದ, ಒಳ್ಳೇ ಗಳಿಗೆ ಎನ್ನುವ ನೆಪದಲ್ಲಿ. ಹೀಗೆ ಮಾರಿದ ಗಾಡಿಗಳು ಮೊದಲ ಕೆಲವು ಲೋಡು ಹೇಗೋ ದಾಟುತ್ತಿದ್ದವು, ಆಮೇಲೆ ಕೆಟ್ಟರೆ ತಪ್ಪು ಡ್ರೈವರಿನ ತಲೆಗೆ ಬೀಳುತ್ತಿತ್ತು.

ಇಷ್ಟಾದರೂ ಮೇಸ್ತ್ರಿಯ ಸಲಾಕೆ ಹೇಗೆ ಮೋಸ ಹೋಗುತ್ತಿತ್ತು ಎನ್ನುವುದು ನನಗೆ ಒಗಟಾಗಿತ್ತು. ಮಂದ ಎಣ್ಣೆ ದೊಡ್ಡ ಬಡಿತವನ್ನು ಅಡಗಿಸಬಹುದು, ಆದರೆ ಸವೆದ ಎಂಜಿನ್ ಇನ್ನೂ ಹತ್ತು ಸಣ್ಣ ಸದ್ದು ಮಾಡುತ್ತಲೇ ಇರುತ್ತದೆ. ಒಂದು ದಿನ ಗಾಳಿ ಪೈಪೊಂದು ಸೀಳಿ ಅವರ ಬೆನ್ನ ಹಿಂದೆಯೇ ಸುಂಯ್ ಎಂದು ಕಿರುಚುತ್ತಿತ್ತು. ಮೇಸ್ತ್ರಿ ಆರಾಮವಾಗಿ ಚಹಾ ಕುಡಿಯುತ್ತಿದ್ದರು. ಅವರ ಫೋನು ಯಾವಾಗಲೂ ಎದೆಯ ಜೇಬಿನಲ್ಲಿ ನಡುಗುತ್ತಿತ್ತೇ ಹೊರತು ಹಾಡುತ್ತಿರಲಿಲ್ಲ. ಊಟದ ಡಬ್ಬಿ ತರುವ ಸೆಲ್ವಿ ಅಪ್ಪನ ಜೊತೆ ಗಂಡಸಿನಂತೆ ದಪ್ಪ ದನಿ ತೆಗೆದು ಮಾತಾಡುವುದನ್ನು ಕಂಡು, ಈ ಹುಡುಗಿಗೆ ವರ್ಷವಿಡೀ ನೆಗಡಿಯೇನೋ ಅಂದುಕೊಂಡಿದ್ದೆ. ಅನುಮಾನ ಬಂದ ಮೇಲೆ ನಾನು ಮಾಡಿದ ಕೆಲಸ ನೋಡಿ: ಒಂದು ಎಂಜಿನ್ನಿನ ಟ್ಯಾಪೆಟನ್ನು ಬೇಕೆಂದೇ ಸಡಿಲ ಬಿಟ್ಟು, ಇದು ಹೇಗಿದೆ ನೋಡಿ ಮೇಸ್ತ್ರಿ ಎಂದು ಕರೆದೆ. ಆ ಟಿಕ್ ಟಿಕ್ ರಸ್ತೆಯ ಆಚೆಯವರಿಗೂ ಕೇಳುತ್ತಿತ್ತು. ಅವರು ಸಲಾಕೆ ಆನಿಸಿ, ಕಣ್ಣು ಮುಚ್ಚಿ, ಚೆನ್ನಾಗಿದೆ ತಂಬಿ ಎಂದರು.

ವರ್ಷಗಟ್ಟಲೆ ಕೊರೆಯುವ ಮೆಷಿನ್ನಿನ ಪಕ್ಕ ನಿಂತವರ ಕಿವಿ ಅದು. ತೆಳು ಸದ್ದುಗಳೆಲ್ಲ ಎಂದೋ ಸತ್ತುಹೋಗಿದ್ದವು. ಮೂಳೆಯ ಮೂಲಕ ಹಾದುಬರುವ ದಪ್ಪ ಬಡಿತ ಮಾತ್ರ ಅವರಿಗೆ ತಲುಪುತ್ತಿತ್ತು, ಅದನ್ನು ನಮ್ಮ ಗೇರ್ ಎಣ್ಣೆ ನುಂಗುತ್ತಿತ್ತು. ಮೇಸ್ತ್ರಿ ಇದನ್ನು ಲೋಕದಿಂದ ಮುಚ್ಚಿಟ್ಟಿದ್ದರು. ಗಣಿ ಹೋದ ಮೇಲೆ ಅವರಿಗೆ ಉಳಿದಿದ್ದ ಮರ್ಯಾದೆಯೆಂದರೆ ಆ ಕಿವಿಯೊಂದೇ. ಚಹಾ ಅಂಗಡಿಯಲ್ಲಿ ಜನ ಎದ್ದು ಜಾಗ ಬಿಡುತ್ತಿದ್ದುದು ಅದಕ್ಕೆ. ನಾನು ಪರೀಕ್ಷೆ ಮಾಡಿ ಗೆದ್ದವನಂತೆ ಓಡಿಹೋಗಿ ಚಲಪತಿಗೆ ಹೇಳಿದೆ. ಅವನು ಏಲಕ್ಕಿ ಸಿಪ್ಪೆ ಉಗುಳಿ, "ಕಿವಿ ಓಗಿ ಎಷ್ಟೋ ವರ್ಸ ಆಯ್ತು ಕಣ್ಲಾ. ಮೇಸ್ತ್ರಿ ಅನ್ನೋ ಎಸ್ರು ಐತಲ್ಲ, ಅದು ಸಾಕು ನಮ್ಗೆ" ಎಂದ. ಯಾರಿಗೂ ಹೇಳಬೇಡ ಎಂದೂ ಹೇಳಲಿಲ್ಲ. ನಾನು ಹೇಳುವವನಲ್ಲ ಎಂದು ಅವನಿಗೆ ಗೊತ್ತಿತ್ತು.

ಆ ಶ್ರಾವಣಕ್ಕೆ ನಾನು ತಯಾರಿ ಮಾಡಿದ ಲಾರಿಗಳಲ್ಲಿ ಒಂದು ಹಳದಿ ಬಣ್ಣದ ಆರು ಚಕ್ರದ್ದು. ಮೂರು ಜನರ ಕೈ ಬದಲಾಗಿ ಬಂದದ್ದು. ಫಿಲ್ಟರ್ ಹರಿದು ಎಷ್ಟು ದಿನವಾಗಿತ್ತೋ, ಒಳಗೆಲ್ಲ ದಿಬ್ಬದ ಪುಡಿ. ಬಿಸಿಯಾದ ಮೇಲೆ ನಿಜವಾದ ಮೀಟರ್ ಹಾಕಿ ನೋಡಿದೆ, ಮುಳ್ಳು ಏಳಲೇ ಇಲ್ಲ. ಮೂರನೇ ಸಿಲಿಂಡರಿನ ಪೈಪು ಸಡಿಲಿಸಿದರೆ ಠಕ್ ಠಕ್ ನಿಲ್ಲುತ್ತಿತ್ತು. ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆ ಇಳಿಸಿದಾಗ ಬಂದದ್ದು ಎಣ್ಣೆಯಲ್ಲ, ಗಬ್ಬು ನಾರುವ ಕರಿ ರಾಡಿ. ಅದರಲ್ಲಿ ಹೊಂಬಣ್ಣದ ಚೂರುಗಳು ಮಿಣಮಿಣ ಹೊಳೆಯುತ್ತಿದ್ದವು. ಬೇರಿಂಗಿನ ಮೇಲಿನ ಪದರ ಸವೆದು ಒಳಗಿನ ತಾಮ್ರ ಕಿತ್ತು ಬರುತ್ತಿತ್ತು. ಚಲಪತಿ ಬಗ್ಗಿ ನೋಡಿ, ಗಣಿಯವರು ಬಿಟ್ಟು ಹೋದ ಚಿನ್ನ ನಮ್ಮ ಶೆಡ್ಡಿನಲ್ಲೇ ಸಿಕ್ಕಿತಲ್ಲೋ ಎಂದು ಗಹಗಹಿಸಿದ. ನಾನೂ ನಕ್ಕೆ. ಆಮೇಲೆ ಗೇರ್ ಎಣ್ಣೆ ಸುರಿದೆ, ಸೆಂಡರ್ ಬದಲಿಸಿದೆ, ಕೆಂಪು ದೀಪದ ವೈರು ಜೋಡಿಸಿದೆ. ನೀಟಾಗಿ ಟೇಪು ಕೂಡ ಸುತ್ತಿದೆ.

ಶ್ರಾವಣದ ಮೊದಲ ವಾರ ಆ ಲಾರಿಗೆ ಬಂದವನು ಮುನಿಯಪ್ಪ, ಕ್ಯಾಸಂಬಳ್ಳಿ ಕಡೆಯವನು. ಬೇರೆಯವರ ಲಾರಿ ಓಡಿಸುತ್ತಲೇ ತಲೆ ನರೆತವನು, ಈಗ ಸ್ವಂತಕ್ಕೆ ಒಂದು ಮಾಡಿಕೊಳ್ಳಬೇಕೆಂದು ಹೊರಟಿದ್ದ. ಜೊತೆಯಲ್ಲಿ ಭಾವಮೈದ. ಮುನಿಯಪ್ಪ ದಡ್ಡನಲ್ಲ. ಕೀಲಿ ತಿರುಗಿಸಿ ದೀಪ ಹತ್ತಿ ಆರುವುದನ್ನು ನೋಡಿದ, ಆಕ್ಸಿಲರೇಟರ್ ಒತ್ತಿ ಬಿಟ್ಟು ಮುಳ್ಳನ್ನು ನೋಡಿದ, ಹೊಗೆಯ ಬಣ್ಣ ನೋಡಿದ. ಎಲ್ಲ ನೋಡಿದ ಮೇಲೂ ಅವನು ಕಾಯುತ್ತಿದ್ದದ್ದು ಮೇಸ್ತ್ರಿಗೆ. ಅವನ ಅಪ್ಪ ಗಣಿಯಲ್ಲಿ ಮೇಸ್ತ್ರಿ ತಟ್ಟಿ ನೋಡಿದ ಬಂಡೆಯ ಕೆಳಗೆ ಕೆಲಸ ಮಾಡಿ ಪ್ರಾಣಸಹಿತ ಮನೆಗೆ ಬರುತ್ತಿದ್ದವನಂತೆ. "ನೀವು ಊ ಅಂದ್ರೆ ನಂಗೂ ಊ, ಮೇಸ್ತ್ರಿ" ಎಂದ. ಮೇಸ್ತ್ರಿ ಬೇರೆ ದಿನಗಳಿಗಿಂತ ಹೆಚ್ಚು ಹೊತ್ತು ಸಲಾಕೆ ಆನಿಸಿ ನಿಂತರು. ಕೊನೆಗೆ ಅವರು ಕಣ್ಣು ತೆರೆದು, ಸರಿಯಿದೆ ಎಂದರು. ಮುನಿಯಪ್ಪನ ಮುಖ ಅರಳಿದ್ದನ್ನು ನಾನು ನೋಡಲಾರದೆ ಸ್ಪ್ಯಾನರ್ ಒರೆಸುತ್ತ ಕೂತೆ.

ಮೂರು ದಿನ ಬಿಟ್ಟು ಮೊದಲ ಲೋಡು. ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆಗೆ ದನಗಳ ಬೂಸಾ ಮೂಟೆಗಳು. ಬೆಳಿಗ್ಗೆ ಮುನಿಯಪ್ಪ ಶೆಡ್ಡಿಗೆ ಬಂದ, ಲಾರಿಯ ಮುಂದೆ ನಿಂಬೆಹಣ್ಣು, ಚೆಂಡುಹೂವು. ಮೇಸ್ತ್ರಿ ಒಗೆದ ಅಂಗಿ ತೊಟ್ಟು, ಸಲಾಕೆ ಹಿಡಿದು ಹತ್ತಲು ಹೊರಟರು. ಲೋಡು ಹೊತ್ತ ಆ ಎಂಜಿನ್ ಕಾಮಸಮುದ್ರ ದಾರಿಯ ಏರು ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಮಾದರಿಯ ಲಾರಿಯಲ್ಲಿ ಎಂಜಿನ್ ಇರುವುದು ಕ್ಯಾಬಿನ್ನಿನ ಒಳಗೇ, ಡ್ರೈವರಿಗೂ ಪಕ್ಕದವನಿಗೂ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ ಎಂಬುದೂ ಗೊತ್ತಿತ್ತು. ಹೇಳಬೇಕಾದ ಮಾತು ಇದ್ದದ್ದು ಎರಡೇ ಸಾಲು. ನಾನು ಹೇಳಿದ್ದು ಬೇರೆ: ಇವತ್ತು ನೀವು ಬೇಡ ಮೇಸ್ತ್ರಿ, ನಾನು ಹೋಗಿಬರುತ್ತೇನೆ, ಬಿಸಿಲು ಜಾಸ್ತಿ.

ಮೇಸ್ತ್ರಿ ನನ್ನ ತುಟಿ ನೋಡಿ ಮಾತು ಹಿಡಿದರು. "ತಟ್ಟಿದೋನು ನಾನು ತಂಬಿ. ನಾನ್ ಕೂತ್ರೇನೇ ಅದಕ್ಕೆ ಅರ್ಥ" ಎಂದು ನನ್ನ ಭುಜ ಮುಟ್ಟಿ ಹತ್ತಿದರು. ಒಳಗಿನಿಂದ ಚಲಪತಿ ನನ್ನನ್ನೇ ನೋಡುತ್ತಿದ್ದ. ವೈರು ಜೋಡಿಸಿದ ಕೈ ನಿನ್ನದು ಎಂದು ಆ ನೋಟ ಹೇಳುತ್ತಿತ್ತು ಎಂದು ಆಗ ಅಂದುಕೊಂಡೆ. ಈಗ ಯೋಚಿಸಿದರೆ, ಅವನು ಸುಮ್ಮನೆ ಹೂವಿನ ಹಾರ ನೋಡುತ್ತಿದ್ದಿರಬಹುದು. ನನ್ನ ಹೇಡಿತನಕ್ಕೆ ಇನ್ನೊಬ್ಬನ ಕಣ್ಣು ಬೇಕಾಗಿತ್ತು, ಅಷ್ಟೇ. ಲಾರಿ ಹೊರಟಿತು. ನಾನು ಬೇರೆ ಗಾಡಿಯ ಕೆಳಗೆ ತೂರಿಕೊಂಡೆ.

ಆಮೇಲೆ ನಡೆದದ್ದನ್ನು ಮುನಿಯಪ್ಪ ಹೇಳಿದ. ಏರಿನ ಅರ್ಧಕ್ಕೆ ಬರುವಾಗ ಮೇಸ್ತ್ರಿ ಇದ್ದಕ್ಕಿದ್ದಂತೆ ಪಾದಗಳನ್ನು ನೆಲಕ್ಕೆ ಒತ್ತಿ ಕೂತರಂತೆ. ಏನೋ ಬಡಿಯುತ್ತಿದೆ ನಿಲ್ಲಿಸು ಎಂದರಂತೆ. ಮುನಿಯಪ್ಪನಿಗೂ ಏನೋ ಕೇಳಿಸಿದ ಹಾಗಾಗಿ ಮುಳ್ಳು ನೋಡಿದ. ಮುಳ್ಳು ನೆಟ್ಟಗೆ ನಿಂತಿತ್ತು. ಕೆಂಪು ದೀಪ ಹತ್ತಿರಲಿಲ್ಲ. ಏರಿನ ನಡುವೆ ನಿಲ್ಲಿಸಿದರೆ ಮತ್ತೆ ಎಳೆಯುವುದು ಕಷ್ಟ, ಮುಳ್ಳು ಸರಿಯಾಗಿದೆಯಲ್ಲ ಮೇಸ್ತ್ರಿ ಎಂದು ತೋರಿಸಿದ. ಮೇಸ್ತ್ರಿಯೂ ಮುಳ್ಳು ನೋಡಿದರು. ಮತ್ತೆ ಸೀಟಿಗೆ ಒರಗಿದರು. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ಎಂಜಿನ್ನಿನ ಮುಚ್ಚಳ ಎತ್ತಿ ಸಲಾಕೆ ಆನಿಸಲು ಬಗ್ಗಿದರು. ಆಗಲೇ ಮೂರನೇ ರಾಡು ಮುರಿದು ಎಂಜಿನ್ನಿನ ಗೋಡೆಯನ್ನು ಒಡೆದುಕೊಂಡು ಹೊರಬಂತು. ಕುದಿಯುವ ಎಣ್ಣೆ ಅವರ ಬಲಗೈ, ತೊಡೆಯ ಮೇಲೆಲ್ಲ ಸಿಡಿಯಿತು.

ನಾನು ಸುದ್ದಿ ತಿಳಿದು ಆಸ್ಪತ್ರೆಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ವಾರ್ಡಿನ ಬಾಗಿಲಲ್ಲೇ ನನಗೆ ಔಷಧಿಯ ವಾಸನೆಯ ನಡುವೆ ಸುಟ್ಟ ಗೇರ್ ಎಣ್ಣೆಯ ವಾಸನೆ ಬಡಿಯಿತು. ಮನುಷ್ಯನ ಚರ್ಮದಿಂದ ಬರುತ್ತಿದ್ದ ಆ ವಾಸನೆಗೆ ಹೊರಗೆ ಓಡಿಬಂದು ಗೋಡೆಯ ಪಕ್ಕ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಮತ್ತೆ ಒಳಗೆ ಹೋದರೆ ಮಂಚದ ಸುತ್ತ ಜನ. ಲೈನು ಮನೆಯ ಅಕ್ಕಪಕ್ಕದವರು, ಮೇಸ್ತ್ರಿಯ ಜೊತೆ ಗಣಿಯಲ್ಲಿದ್ದ ನಾಲ್ಕೈದು ಮುದುಕರು, ಮುನಿಯಪ್ಪ, ಅವನ ಭಾವಮೈದ. ಮುನಿಯಪ್ಪನಿಗೆ ಏನೂ ಆಗಿರಲಿಲ್ಲ. ಚಲಪತಿ ಬಂದಿರಲಿಲ್ಲ. ಅವನು ಆಗಲೇ, ಡ್ರೈವರಿಗೆ ಏರಿನಲ್ಲಿ ಗಾಡಿ ಎಳೆಸಲು ಬರುವುದಿಲ್ಲ, ನೀರು ನೋಡದೆ ಓಡಿಸಿ ಎಂಜಿನ್ ಸುಟ್ಟಿದ್ದಾನೆ ಎಂದು ಊರೆಲ್ಲ ಹೇಳತೊಡಗಿದ್ದ.

ಭಾವಮೈದ ಅದನ್ನು ಕೇಳಿ ಬಂದಿದ್ದ, ಕುದಿಯುತ್ತಿದ್ದ. ಗಾಡಿ ಹೋದದ್ದು ಹೋಯಿತು, ಇಷ್ಟು ವರ್ಷ ಒಂದು ಗಾಡಿ ಕೆಡಿಸದ ಮುನಿಯಪ್ಪನಿಗೆ ಈ ಕೆಟ್ಟ ಹೆಸರು ಯಾಕೆ, ಎಂಜಿನ್ ಸರಿಯಿದೆ ಎಂದು ಹೇಳಿದವರು ಯಾರು ಎಂದು ಮಂಚದ ಮುಂದೆಯೇ ಕೇಳಿದ. ಮುನಿಯಪ್ಪ ಅವನ ತೋಳು ಹಿಡಿದು ಎಳೆದ. ನಾನು ಆ ಗುಂಪಿನ ಹಿಂದೆ, ಕಿಟಕಿಯ ಪಕ್ಕ ನಿಂತಿದ್ದೆ. ಆ ಎರಡು ಸಾಲನ್ನು ಹೇಳಲು ಅದಕ್ಕಿಂತ ಸರಿಯಾದ ಗಳಿಗೆ ಇರಲಿಲ್ಲ. ನಾನು ಕಿಟಕಿಯ ಆಚೆ ನೋಡುತ್ತ ನಿಂತೆ.

ಮೇಸ್ತ್ರಿ ಎಡಗೈ ಊರಿ ಸ್ವಲ್ಪ ಮೇಲೆದ್ದರು. "ಡ್ರೈವರ್ ತಪ್ಪಿಲ್ಲ. ತಪ್ಪು ನಂದು. ನಂಗೆ ಕಿವಿ ಕೇಳ್ಸಲ್ಲ" ಎಂದರು. ಗಣಿ ಮುಚ್ಚುವ ಮುಂಚೆಯೇ ಹೋಗಿತ್ತು, ದಪ್ಪ ಸದ್ದು ಮಾತ್ರ ಕೇಳುತ್ತದೆ, ಯಾರಿಗೂ ಹೇಳಿರಲಿಲ್ಲ, ಇಷ್ಟು ದಿನ ಎಲ್ಲರನ್ನೂ ಏಮಾರಿಸಿದೆ ಎಂದು ಒಂದೊಂದಾಗಿ, ಲೆಕ್ಕ ಒಪ್ಪಿಸುವವರಂತೆ ಹೇಳಿದರು. ಗಣಿಯ ಮುದುಕರು ತಲೆ ತಗ್ಗಿಸಿದರು. ಅವರಲ್ಲಿ ಒಬ್ಬ, ಹಾಗಾದರೆ ಕೊನೆಯ ವರ್ಷಗಳಲ್ಲಿ ನೀನು ತಟ್ಟಿದ ಬಂಡೆಗಳ ಕೆಳಗೆ ನಾವು ಕೂತಿದ್ದೆವಲ್ಲ ಎಂದು ತಮಿಳಿನಲ್ಲಿ ಕೇಳಿದ. ಅವನ ದನಿ ಸಣ್ಣದಿತ್ತು, ಮೇಸ್ತ್ರಿಗೆ ಕೇಳಿಸಿರಲಾರದು. ಆದರೆ ಅವನ ಮುಖ ನೋಡಿ ಏನು ಕೇಳಿದನೆಂದು ಅವರಿಗೆ ಅರ್ಥವಾಯಿತು. ಭಾವಮೈದನ ಸಿಟ್ಟು ಇಳಿದುಹೋಗಿತ್ತು, ಅದರ ಜಾಗದಲ್ಲಿ ಕನಿಕರ ಬಂದಿತ್ತು, ಅದು ಇನ್ನೂ ಅಸಹ್ಯವಾಗಿತ್ತು. ಒಬ್ಬೊಬ್ಬರಾಗಿ ಹೊರಟರು. ಮುನಿಯಪ್ಪ ಕೊನೆಯಲ್ಲಿ ಮಂಚದ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದ.

ಮುನಿಯಪ್ಪನ ಎಂಜಿನ್ನನ್ನು ಆಮೇಲೆ ನಾನೇ ಬಿಚ್ಚಿ, ಹೊಸದಾಗಿ ಕಟ್ಟಿಕೊಟ್ಟೆ. ಚಲಪತಿಯ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಇದನ್ನೆಲ್ಲ ಪ್ರಾಯಶ್ಚಿತ್ತ ಎಂದುಕೊಳ್ಳುವಷ್ಟು ಭಂಡ ನಾನಲ್ಲ. ಯಾಕೆಂದರೆ ಆ ವಾರ್ಡಿನಲ್ಲಿ, ಎಲ್ಲರೂ ಹೋದ ಮೇಲೆ, ನಾನು ಮಾಡಿದ್ದು ಅದುವರೆಗಿನ ಎಲ್ಲಕ್ಕಿಂತ ಹೇಸಿಗೆಯ ಕೆಲಸ. ಮಂಚದ ಪಕ್ಕ ಹೋಗಿ ಬಗ್ಗಿ ನಿಂತು, ತಲೆ ತಗ್ಗಿಸಿ ತುಟಿ ಕಾಣದ ಹಾಗೆ ಮಾಡಿಕೊಂಡು, ತೆಳು ದನಿಯಲ್ಲಿ, ಸುಳ್ಳು ಸೆಂಡರ್ ಹಾಕಿದ್ದು ನಾನು, ದೀಪದ ವೈರು ಬದಲಿಸಿದ್ದು ನಾನು, ಗೇರ್ ಎಣ್ಣೆ ಸುರಿದದ್ದು ನಾನು, ನನ್ನನ್ನು ಕ್ಷಮಿಸಿ ಮೇಸ್ತ್ರಿ ಎಂದು ಪಿಸುಗುಟ್ಟಿದೆ. ಅವರಿಗೆ ಯಾವ ದನಿ ಕೇಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹೇಳಿದ ಹಾಗೂ ಆಗಬೇಕು, ಅವರಿಗೆ ಕೇಳಿಸಲೂ ಬಾರದು. ಮೇಸ್ತ್ರಿ ನನ್ನ ತಲೆಯ ಮೇಲೆ ಎಡಗೈ ಇಟ್ಟು, ಅಳಬೇಡ ತಂಬಿ ಎಂದರು.

ಹಿಂದಿನಿಂದ ಚೊಂಬು ನೆಲಕ್ಕಿಟ್ಟ ಸದ್ದಾಯಿತು. ಗಂಜಿ ತರಲು ಹೋಗಿದ್ದ ಸೆಲ್ವಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಿವಿ ಚೆನ್ನಾಗಿತ್ತು.

"ಇನ್ನೊಂದ್ ಸಲ ಹೇಳು" ಎಂದಳು. "ಅಪ್ಪಂಗೆ ಕೇಳೋ ಥರ ಹೇಳು."

ಹೇಳಿದೆ. ವಾರ್ಡಿನ ಉಳಿದ ಮಂಚಗಳವರೂ ತಿರುಗಿ ನೋಡುವಷ್ಟು ದಪ್ಪ ದನಿಯಲ್ಲಿ, ಒಂದೊಂದೇ ಕೆಲಸದ ಹೆಸರು ಹಿಡಿದು ಹೇಳಿದೆ. ಮೇಸ್ತ್ರಿ ನನ್ನ ಬಾಯನ್ನೇ ನೋಡುತ್ತ ಕೇಳಿಸಿಕೊಂಡರು. ಬೈಯುತ್ತಾರೆ, ಸುಡದ ಎಡಗೈಯಲ್ಲೇ ಹೊಡೆಯುತ್ತಾರೆ ಎಂದು ಕಾದೆ, ಹೊಡೆಯಲಿ ಎಂದು ಆಸೆಪಟ್ಟೆ. ಅವರು ಮಾತ್ರ ಎಡಗೈಯಿಂದ ಕಿವಿಯ ಹಿಂದಿನ ಮೂಳೆ ಮುಟ್ಟಿಕೊಂಡರು. ನಂತರ ತಮಗೆ ತಾವೇ ಹೇಳಿಕೊಳ್ಳುವವರಂತೆ, "ಏರ್ನಲ್ಲಿ ನಂಗೆ ಕೇಳಿಸ್ತು. ಮುಳ್ಳು ನೋಡಿ ನಾನೇ ನಂಬ್ಲಿಲ್ಲ" ಎಂದರು. ಆಮೇಲೆ ಗಣಿಯ ಮುದುಕರು ನಿಂತಿದ್ದ ಜಾಗ ನೋಡಿ, ತಟ್ಟನೆ ಮಗಳ ಕಡೆ ತಿರುಗಿ, ಸುಟ್ಟ ಕೈಯನ್ನೂ ಮರೆತು ಏಳಲು ನೋಡುತ್ತ ಕೇಳಿದರು.

"ಎಲ್ಲಾರೂ ಓಗ್ಬಿಟ್ರಾ?"

ಸೆಲ್ವಿ ಬಾಗಿಲಿನ ಕಡೆ ನೋಡಿದಳು. ಅಪ್ಪನಿಗೆ ಕೇಳುವ ಆ ದಪ್ಪ ದನಿಯಲ್ಲಿ, ಹೌದಪ್ಪಾ, ಎಲ್ಲಾ ಹೋದರು ಎಂದಳು.